ಎದುರು ಬಸವಣ್ಣನ ಬೀದಿ
(ಹಂಪೆಯ ತೇರುಬೀದಿಯ ಬಜಾರು ಬಾಳಿದ, ಬರಿದಾದ ಕಥೆ)

ದೇವರಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ಅಂಗಡಿ. ಇದು ನಮ್ಮ ನಾಡಿನ ಹಳೆಯ ನಡವಳಿಕೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಮಕರ ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಹೋಗಿ ಬಂದವರೆಲ್ಲರೂ ಇದನ್ನು ಬಲ್ಲರು. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರೂ ಬಲ್ಲರು. ಬೆಟ್ಟದ ಬುಡದಲ್ಲಿ ಬತ್ತಾಸು, ಕಡಲೆಪುರಿ, ಬಳೆ, ವಿಭೂತಿ, ಹಗ್ಗ, ಗೆಜ್ಜೆಗಳ ಸಾಲು ಹಬ್ಬಿರುತ್ತದೆ. ದರ್ಶನ ಮುಗಿಸಿದ ತಾಯಂದಿರು ಮಕ್ಕಳ ಕೈಹಿಡಿದು ಆ ಸಾಲಿನಲ್ಲಿ ಒಂದು ಸುತ್ತು ಹಾಕದೆ ಮನೆಗೆ ಮರಳುವುದಿಲ್ಲ. ನಾಲ್ಕು ದಿನ ಕಳೆದರೆ ಆ ಅಂಗಡಿಗಳು ಎದ್ದು ಹೋಗುತ್ತವೆ. ಮರುವರ್ಷ ಮತ್ತೆ ಅಲ್ಲಿಯೇ ಕೂರುತ್ತವೆ.

ಆದರೆ ವರ್ಷವಿಡೀ ಎದ್ದು ಹೋಗದೆ ದೇವರ ಕಣ್ಣೆದುರಿಗೇ ಬಾಳಿದ ಒಂದು ಅಂಗಡಿಬೀದಿಯು ನಮ್ಮ ನಾಡಿನಲ್ಲಿತ್ತು. ಅದು ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಿನ ತೇರುಬೀದಿ, ಜನರ ಬಾಯಲ್ಲಿ ಹಂಪಿ ಬಜಾರು. ೨೦೧೧ಕ್ಕೆ ಮುನ್ನ ಅಲ್ಲಿಗೆ ಹೋಗಿದ್ದವರು ಇಂದು ಹೋದರೆ ದಾರಿ ತಪ್ಪಿದೆವೋ ಎಂದು ಒಂದು ಕ್ಷಣ ನಿಲ್ಲುತ್ತಾರೆ. ಗೋಪುರ ಅದೇ, ಬೀದಿ ಅದೇ, ಕಲ್ಲಿನ ಕಂಬಗಳ ಸಾಲೂ ಅದೇ. ಬದುಕು ಮಾತ್ರ ಇಲ್ಲ. ಈ ಬೀದಿ ಹೇಗೆ ಹುಟ್ಟಿತು, ಹೇಗೆ ಬಾಳಿತು, ಏಕೆ ಬರಿದಾಯಿತು ಎಂಬುದನ್ನು ನಮ್ಮ ಕುಟುಂಬಗಳು ತಿಳಿದಿರಬೇಕೆಂಬ ಆಶಯದಿಂದ ಈ ಲೇಖನ.

ಬೀದಿಯ ಹುಟ್ಟು

ಪಂಪಾಕ್ಷೇತ್ರದ ವಿರೂಪಾಕ್ಷನು ವಿಜಯನಗರದ ಅರಸರಿಗಿಂತ ಹಳಬನು. ೧೩೩೬ರಲ್ಲಿ ಸಾಮ್ರಾಜ್ಯವು ಸ್ಥಾಪನೆಯಾಗುವುದಕ್ಕೆ ಬಹಳ ಹಿಂದಿನಿಂದಲೂ ಇಲ್ಲಿ ಪೂಜೆ ನಡೆಯುತ್ತಿತ್ತು. ನಮ್ಮ ಹರಿಹರ ಕವಿಯು ಹೊಯ್ಸಳರ ಆಸ್ಥಾನದ ಕರಣಿಕವೃತ್ತಿಯನ್ನು ತೊರೆದು ಬಂದು ನೆಲೆಸಿದ್ದು ಈ ಸ್ವಾಮಿಯ ಸನ್ನಿಧಿಯಲ್ಲಿಯೇ ಎಂಬುದು ಪರಂಪರೆಯ ಮಾತು. ಶಿವಗಂಗೆಯಲ್ಲಿ ನಾವು ಉತ್ಸವವಾಗಿ ಕಾಣುವ ಗಿರಿಜೆಯ ಕಲ್ಯಾಣವನ್ನು ಆತನು ಹಂಪೆಯಲ್ಲಿ ಕುಳಿತು ‘ಗಿರಿಜಾ ಕಲ್ಯಾಣ’ವೆಂಬ ಚಂಪೂಕಾವ್ಯವಾಗಿಸಿದನು. ಹೂವಿನ ಪೂಜೆಯನ್ನೇ ವಸ್ತುವಾಗಿಸಿಕೊಂಡು ‘ಪುಷ್ಪರಗಳೆ’ಯನ್ನು ಬರೆದನು. ಆತನ ಸೋದರಳಿಯ ರಾಘವಾಂಕನೂ ಈ ಹಂಪೆಯವನೇ.

ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ತಮ್ಮ ಹೆಸರಿಗೆ ಬದಲಾಗಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡದಲ್ಲಿ ಒಪ್ಪ ಹಾಕುತ್ತಿದ್ದರು. ರಾಜ್ಯಕ್ಕೆ ಒಡೆಯನು ಆತನೇ, ತಾವು ಆತನ ಹೆಸರಿನಲ್ಲಿ ಆಳುವವರು ಎಂಬುದು ಅದರ ಭಾವ. ಹೀಗಾಗಿ ಆತನ ಮುಂದಿನ ಬೀದಿಯೂ ರಾಜಗಾಂಭೀರ್ಯದಿಂದಲೇ ಬೆಳೆಯಿತು. ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಸಂದರ್ಭದಲ್ಲಿ ಇಲ್ಲಿಯ ರಂಗಮಂಟಪವನ್ನು ಕಟ್ಟಿಸಿದುದನ್ನು ೧೫೧೦ರ ಶಾಸನವು ಹೇಳುತ್ತದೆ.

ಬೀದಿಯ ರಚನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಪಶ್ಚಿಮದ ತುದಿಯಲ್ಲಿ ಒಂಬತ್ತು ನೆಲೆಗಳ ಹೆಬ್ಬಾಗಿಲ ಗೋಪುರ. ಅಲ್ಲಿಂದ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ಅಗಲವಾದ ನೇರ ಬೀದಿ. ಆ ತುದಿಯಲ್ಲಿ ಮತಂಗ ಪರ್ವತದ ಬುಡಕ್ಕೆ ಒರಗಿದಂತೆ ಏಕಶಿಲೆಯ ನಂದಿ. ವಿರೂಪಾಕ್ಷನಿಗೆ ಎದುರಾಗಿ ಕುಳಿತವನಾದ್ದರಿಂದ ಊರಿನವರು ಆತನನ್ನು ‘ಎದುರು ಬಸವಣ್ಣ’ ಎನ್ನುತ್ತಾರೆ. ಸ್ವಾಮಿಗೂ ಬಸವಣ್ಣನಿಗೂ ನಡುವೆ ಬೀದಿಯ ಎರಡೂ ಮಗ್ಗುಲಿಗೆ ಕಣಶಿಲೆಯ ಸಾಲುಮಂಟಪಗಳು. ಕೆಲವೆಡೆ ಒಂದಂತಸ್ತು, ಕೆಲವೆಡೆ ಎರಡಂತಸ್ತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸುವ ಕಟ್ಟಡಕ್ರಮವದು. ಮುಂಭಾಗವು ಗೋಡೆಯಿಲ್ಲದೆ ಬೀದಿಗೆ ತೆರೆದುಕೊಂಡಿರುತ್ತದೆ. ಸರಕು ಹರಡಲು, ದಣಿದವರು ಮಲಗಲು, ತೇರು ನೋಡಲು ಅನುಕೂಲವಾಗಿರುತ್ತದೆ.

೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಈ ಬೀದಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ದೇಗುಲದ ಮುಂದೆ ಬಹು ಸುಂದರವಾದ ಬೀದಿಯುಂಟು, ಮೊಗಸಾಲೆ ಕೈಸಾಲೆಗಳುಳ್ಳ ಮನೆಗಳುಂಟು, ಅವುಗಳಲ್ಲಿ ಯಾತ್ರಿಕರು ತಂಗುತ್ತಾರೆ, ಅರಸನು ದರ್ಶನಕ್ಕೆ ಬಂದಾಗ ಉಳಿಯಲು ಅರಮನೆಯೂ ಇದೇ ಬೀದಿಯಲ್ಲಿದೆ ಎಂಬುದು ಅವನ ವರ್ಣನೆಯ ಸಾರ. ಅವನಿಗಿಂತ ಮೊದಲು, ೧೪೪೩ರಲ್ಲಿ, ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನು ರಾಜಧಾನಿಯ ಬಜಾರುಗಳನ್ನು ಕಂಡು ಬೆರಗಾಗಿದ್ದನು. ಮುತ್ತುರತ್ನಗಳನ್ನು ಬಯಲಿನಲ್ಲಿಟ್ಟು ಮಾರುವುದನ್ನೂ, ಗುಲಾಬಿ ಹೂವಿಲ್ಲದೆ ಈ ಜನ ಬದುಕಲಾರರೆಂಬುದನ್ನೂ ಅವನು ಬರೆದಿಟ್ಟನು. ಹೂವಿಗಾಗಿ ಹಂಬಲಿಸಿದ ಹರಿಹರನ ನೆಲ ಇದು ಎಂಬುದನ್ನು ಅವನು ತಿಳಿದಿರಲಿಕ್ಕಿಲ್ಲ!

ಶರಣಪರಂಪರೆಯ ನಂಟು

ಈ ಬೀದಿಯು ವ್ಯಾಪಾರದ ಬೀದಿ ಮಾತ್ರವಾಗಿರಲಿಲ್ಲ. ರಜಾಕನು ಬಂದಾಗ ಆಳುತ್ತಿದ್ದವನು ಪ್ರೌಢದೇವರಾಯ. ಆತನ ಕಾಲವು ವೀರಶೈವ ಸಾಹಿತ್ಯದ ಸುಗ್ಗಿಕಾಲ. ದಂಡನಾಯಕ ಲಕ್ಕಣ್ಣನು ‘ಶಿವತತ್ತ್ವ ಚಿಂತಾಮಣಿ’ಯನ್ನು ಬರೆದನು, ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನ ಚರಿತೆಯನ್ನು ಹಾಡಿದನು. ನೂರೊಂದು ವಿರಕ್ತರು ನೆರೆದು, ಕಲ್ಯಾಣದ ಕ್ರಾಂತಿಯ ಬಳಿಕ ಚದುರಿಹೋಗಿದ್ದ ವಚನಗಳನ್ನು ಕೂಡಿಸುವ, ಅರ್ಥೈಸುವ ಕಾಯಕಕ್ಕೆ ತೊಡಗಿದ್ದು ಈ ಯುಗದಲ್ಲಿಯೇ. ಇಂದು ನಮ್ಮ ಮನೆಮನೆಗಳಲ್ಲಿ ವಚನದ ಪುಸ್ತಕವಿದೆಯೆಂದರೆ ಅದರ ಹಿಂದೆ ಆ ನಗರದ ಋಣವೂ ಇದೆ.

ನಮ್ಮ ಬೆಂಗಳೂರು ಸೀಮೆಗೂ ಹಂಪೆಗೂ ಹಳೆಯ ಬಳಕೆಯುಂಟು. ಯಲಹಂಕ ನಾಡಪ್ರಭು ಕೆಂಪೇಗೌಡರು ವಿಜಯನಗರದ ಅಧೀನರು. ರಾಜಧಾನಿಯ ವೈಭವವನ್ನು ಕಂಡು, ಅಂತಹುದೇ ಊರನ್ನು ಕಟ್ಟಬೇಕೆಂಬ ಹಂಬಲದಿಂದ ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳಿಗೆ ತೊಡಗಿದರೆಂಬುದು ಪ್ರತೀತಿ. ದೊಡ್ಡಪೇಟೆ, ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ನಡೆದಾಡುವವರು ಹಂಪೆಯ ಬಜಾರಿನ ಒಂದು ದೂರದ ನೆರಳಿನಲ್ಲಿ ನಡೆಯುತ್ತಿದ್ದಾರೆಂದು ಹೇಳಿದರೆ ತಪ್ಪಾಗಲಾರದು.

ಪಾಳಿನೊಳಗೆ ಉಳಿದ ಹಣತೆ

೧೫೬೫ರ ರಕ್ಕಸಗಿ-ತಂಗಡಗಿ ಯುದ್ಧದ ಬಳಿಕ ರಾಜಧಾನಿಯು ಹಾಳಾಯಿತು. ಹಂಪೆಯಲ್ಲಿ ದೇವಾಲಯಗಳ ಮುಂದೆ ಬಜಾರುಗಳು ಹಲವಿದ್ದವು: ಕೃಷ್ಣದೇವಾಲಯದ ಮುಂದೊಂದು, ಅಚ್ಯುತರಾಯನ ದೇವಾಲಯದ ಮುಂದೊಂದು, ವಿಜಯವಿಠ್ಠಲನ ಮುಂದೊಂದು. ಇವೆಲ್ಲವೂ ಪಾಳುಬಿದ್ದವು. ಕಂಬಗಳ ನಡುವೆ ಮುಳ್ಳು ಬೆಳೆಯಿತು, ಕುರಿ ಮೇಯ್ದವು. ವಿರೂಪಾಕ್ಷನ ಬೀದಿ ಮಾತ್ರ ಮತ್ತೆ ಉಸಿರಾಡಿತು. ಕಾರಣ ಸರಳವಾದುದು. ಉಳಿದ ಗುಡಿಗಳಲ್ಲಿ ದೀಪ ಆರಿತು, ಇಲ್ಲಿ ಆರಲಿಲ್ಲ. ಪೂಜೆಯಿದ್ದಲ್ಲಿ ಭಕ್ತರು ಬರುತ್ತಾರೆ. ಭಕ್ತರು ಬಂದಲ್ಲಿ ಹೂ, ಕಾಯಿ, ಊಟ, ವಸತಿ ಬೇಕಾಗುತ್ತದೆ. ಅವು ಬೇಕಾದಲ್ಲಿ ಬಜಾರು ತಾನಾಗಿಯೇ ಹುಟ್ಟುತ್ತದೆ.

೧೭೯೯ರಲ್ಲಿ ಕಾಲಿನ್ ಮೆಕೆಂಜಿ ಹಂಪೆಯ ನಕಾಶೆಯನ್ನು ತಯಾರಿಸಿದನು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಅಲ್ಲಿಯ ಸ್ಮಾರಕಗಳ ಛಾಯಾಚಿತ್ರಗಳನ್ನು ತೆಗೆದನು. ಪಾಯೆಸನ ಬರಹವನ್ನು ರಾಬರ್ಟ್ ಸಿವೆಲ್ಲನು ೧೯೦೦ರಲ್ಲಿ ಇಂಗ್ಲಿಷಿಗೆ ತಂದು, ಮರೆತುಹೋದ ಸಾಮ್ರಾಜ್ಯವನ್ನು ಲೋಕಕ್ಕೆ ನೆನಪಿಸಿದನು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಸೀಮೆಯು ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ಸಾಲುಮಂಟಪಗಳಲ್ಲಿ ಕುಟುಂಬಗಳು ಹೆಚ್ಚುಹೆಚ್ಚಾಗಿ ನೆಲೆಯೂರಿದವು. ಕಂಬಗಳ ನಡುವೆ ಗೋಡೆ ಎದ್ದಿತು, ಗೋಡೆಗೆ ಸುಣ್ಣ ಬಳಿಯಲಾಯಿತು, ಬಾಗಿಲು ಬಂದಿತು; ಹಿಂದೆ ಮನೆ, ಮುಂದೆ ಅಂಗಡಿ.

ಒಂದು ನೆನಪು

ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಾವು ಏಳೆಂಟು ವಿದ್ಯಾರ್ಥಿಗಳು ಚೈತ್ರಮಾಸದ ತೇರಿಗೆಂದು ಹಂಪೆಗೆ ಹೋಗಿದ್ದೆವು. ರಾತ್ರಿ ಮಲಗಿದ್ದು ಸಾಲುಮಂಟಪದ ಹಾಸುಗಲ್ಲಿನ ಮೇಲೆ. ಬಿಸಿಲಿಗೆ ಕಾದಿದ್ದ ಆ ಕಲ್ಲು ನಡುರಾತ್ರಿಯವರೆಗೂ ಬೆಚ್ಚಗಿತ್ತು. ಬೆಳಗ್ಗೆ ಹೊಳೆಯಲ್ಲಿ ಮಿಂದು, ಶಿವಪೂಜೆ ಮುಗಿಸಿ, ಒದ್ದೆ ಪಂಚೆಗಳನ್ನು ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ಒಣಹಾಕಿದೆವು. ಪಕ್ಕದ ಅಂಕಣದಲ್ಲಿ ಒಬ್ಬ ತಾಯಿ ಒಲೆ ಹೂಡಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುತ್ತಿದ್ದಳು. ತಿಂದಾದ ಮೇಲೆ ನಮ್ಮಲ್ಲಿ ಹಿರಿಯನಾಗಿದ್ದವನು ಹಣ ಕೊಡಹೋದನು.

“ಮಠದ ಹುಡುಗರ ಕೈಲಿಂದ ರೊಕ್ಕ ಇಸಕೊಂಡ್ರ ಇರುಪಣ್ಣ ಮೆಚ್ಚತಾನೇನಪಾ? ಇಟ್ಕೊಳ್ರಿ, ತೇರಿಗೆ ಬಾಳೆಹಣ್ಣು ಎಸೀರಿ” ಎಂದಳು.

ದಾಸೋಹವೆಂಬ ಶಬ್ದದ ಮೇಲೆ ಗುರುಗಳು ಎಷ್ಟೋ ದಿನ ಪಾಠ ಹೇಳಿದ್ದರು. ನನಗೆ ಅದರ ಅರ್ಥವಾದದ್ದು ಆ ಕಲ್ಲುಮಂಟಪದಲ್ಲಿ. ಆದರೆ ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಆ ತಾಯಿಯ ಒಲೆಯ ಹೊಗೆಯಿಂದ ಮೇಲಿನ ಚಪ್ಪಡಿಯು ಕಾಡಿಗೆಯಂತೆ ಕಪ್ಪಾಗಿತ್ತು. ನಾವು ಹಗ್ಗ ಬಿಗಿದ ಕಂಬದಲ್ಲಿ ಯಾರೋ ಹಿಂದೆಯೇ ಮೊಳೆ ಬಡಿದಿದ್ದರು. ಆಗ ಅದು ತಪ್ಪೆಂದು ನಮಗೆ ಯಾರಿಗೂ ತೋರಲಿಲ್ಲ.

ತೆರವಿನ ಆಷಾಢ

೧೯೮೬ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಯಾತ್ರಿಕರ ಜೊತೆಗೆ ದೇಶವಿದೇಶಗಳ ಪ್ರವಾಸಿಗರೂ ಬರತೊಡಗಿದರು. ಕುಂಕುಮ, ರುದ್ರಾಕ್ಷಿಗಳ ಪಕ್ಕದಲ್ಲಿಯೇ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿಕಸೂತಿಯ ಚೀಲಗಳು ತೂಗಾಡಿದವು. ವಸತಿಗೃಹಗಳೂ ಫಲಹಾರಮಂದಿರಗಳೂ ಹೆಚ್ಚಿದವು. ಕಲ್ಲುಮಂಟಪದ ಮೇಲೆ ಸಿಮೆಂಟಿನ ಕಟ್ಟಡವೂ ಏರಿತು.

ಇತ್ತ ಪರಂಪರೆಯ ರಕ್ಷಣೆಯ ಪ್ರಶ್ನೆಯು ಬಿಗಿಯಾಯಿತು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟತೊಡಗಿದ ಸೇತುವೆಗಳಿಂದ ಪರಿಸರವು ಕೆಡುತ್ತಿದೆಯೆಂದು ೧೯೯೯ರಲ್ಲಿ ಹಂಪೆಯು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ೨೦೦೬ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ, ೨೦೦೨ರ ಕಾಯಿದೆಯ ಮೂಲಕ ಹಂಪೆಗಾಗಿಯೇ ಒಂದು ನಿರ್ವಹಣಾ ಪ್ರಾಧಿಕಾರವು ರೂಪುಗೊಂಡಿತು. ೨೦೧೦ರಲ್ಲಿ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ನಿರ್ಮಾಣವು ನಿಷಿದ್ಧವಾಯಿತು. ಅದರಾಚೆಗೂ ೨೦೦ ಮೀಟರಿನವರೆಗೆ ನಿಯಂತ್ರಣ ಬಂದಿತು. ಇನ್ನು ಸ್ಮಾರಕದ ಒಳಗೇ ಸಂಸಾರ ಹೂಡಿದವರ ಗತಿಯೇನು?

ಆ ಪ್ರಶ್ನೆಗೆ ಉತ್ತರವು ೨೦೧೧ರ ಜುಲೈ ೨೯ರಂದು ಯಂತ್ರಗಳ ರೂಪದಲ್ಲಿ ಬಂದಿತು. ಅಂಗಡಿಗಳ ಮುಂಗಟ್ಟು, ನಡುಗೋಡೆ, ಮೇಲುಮನೆಗಳನ್ನು ಜೆಸಿಬಿಗಳು ಕೆಡವಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಅಥವಾ, ಇದ್ದ ಬೀದಿಯನ್ನೇ ಕಳೆದುಕೊಂಡವು. ಸಾಮಾನು ಸಾಗಿಸಿಕೊಳ್ಳಲೂ ತಕ್ಕಷ್ಟು ಸಮಯ ಸಿಗಲಿಲ್ಲವೆಂಬುದು ನಿವಾಸಿಗಳ ಅಳಲಾಗಿತ್ತು. ಇವರು ಸ್ಮಾರಕವನ್ನು ಒತ್ತುವರಿ ಮಾಡಿದವರೆಂದು ಆಡಳಿತವು ಹೇಳಿತು. ದಶಕಗಳಿಂದ ಇಲ್ಲಿಯೇ ಹುಟ್ಟಿ ಬೆಳೆದವರು, ದೇವರ ಸೇವೆಗೆ ಒದಗಿದವರು ನಾವು, ನಾವು ಹೇಗೆ ಅತಿಕ್ರಮಣಕಾರರಾದೇವು ಎಂದು ನಿವಾಸಿಗಳು ಕೇಳಿದರು. ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದ ಬಳಿ ಅವರಿಗೆ ಪುನರ್ವಸತಿಯನ್ನು ಗೊತ್ತುಮಾಡಲಾಯಿತು. ನಿವೇಶನವೇನೋ ಮನೆಗಾದೀತು, ಯಾತ್ರಿಕನ ಹೆಜ್ಜೆ ಬೀಳದ ಜಾಗದಲ್ಲಿ ಹೂವನ್ನು ಯಾರಿಗೆ ಮಾರುವುದು?

ತೆರವು ಅಲ್ಲಿಗೇ ನಿಲ್ಲಲಿಲ್ಲ. ಹೊಳೆಯಾಚೆಯ ವಿರೂಪಾಪುರಗಡ್ಡೆಯ ವಸತಿಗೃಹಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ೨೦೨೦ರಲ್ಲಿ ನೆಲಸಮವಾದವು.

ಎರಡು ತಕ್ಕಡಿ

ಈ ಪ್ರಸಂಗದಲ್ಲಿ ಒಂದೇ ಕಡೆಗೆ ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಹಳೆಯ ಕಟ್ಟಡವನ್ನು ಅಂಗಡಿಗಳಿಗೆ ಬಿಟ್ಟು, ಆರೈಕೆಯನ್ನು ಯಾರೂ ಮಾಡದಿದ್ದರೆ ಏನಾಗುತ್ತದೆಂಬುದನ್ನು ಮೈಸೂರು ತೋರಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವು ೨೦೧೬ರಲ್ಲಿ ಬಿದ್ದಿತು. ಹಂಪೆಯ ಮಂಟಪಗಳ ಮೇಲೆ ಏರಿದ ಸಿಮೆಂಟಿನ ಭಾರ, ಒಲೆಯ ಹೊಗೆ, ಬಚ್ಚಲ ನೀರು ಇವು ಕಲ್ಲಿಗೆ ಒಳಿತು ಮಾಡುವಂತಹವಲ್ಲ. ಸ್ಮಾರಕವು ಇಂದಿನವರ ಸ್ವತ್ತು ಮಾತ್ರವಲ್ಲ, ಮುಂದಿನವರದೂ ಹೌದು. ಇದು ಒಂದು ತಕ್ಕಡಿ.

ಇನ್ನೊಂದು ತಕ್ಕಡಿಯನ್ನೂ ನೋಡೋಣ. ಜನರನ್ನು ತೆರವುಮಾಡಿದ ಮಾತ್ರಕ್ಕೆ ಕಲ್ಲು ಕ್ಷೇಮವಾಯಿತೆ? ೨೦೨೪ರ ಮೇ ತಿಂಗಳ ಮಳೆಯಲ್ಲಿ ಇದೇ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗವು ಕುಸಿದುಬಿದ್ದಿತು. ಆಗ ಅಲ್ಲಿ ಒಲೆಯಿರಲಿಲ್ಲ, ಅಂಗಡಿಯಿರಲಿಲ್ಲ, ಸಂಸಾರವಿರಲಿಲ್ಲ. ಮನೆಯೊಳಗೆ ಜನರಿದ್ದರೆ ಸೋರುವ ಮೂಲೆಯನ್ನು ಯಾರಾದರೂ ನೋಡುತ್ತಾರೆ. ವಾಲಿದ ಕಂಬದ ವಿಷಯವನ್ನು ಯಾರಾದರೂ ಹೇಳುತ್ತಾರೆ. ಜನರಿದ್ದಿದ್ದರೆ ಆ ಮಂಟಪ ಉಳಿಯುತ್ತಿತ್ತೆಂದು ನಾನು ವಾದಿಸುವುದಿಲ್ಲ. ಜನರನ್ನು ಕಳೆದುದೇ ರಕ್ಷಣೆಯಲ್ಲ, ರಕ್ಷಣೆಯೆಂಬುದು ನಿತ್ಯದ ಆರೈಕೆ ಎಂಬಷ್ಟನ್ನು ಆ ಮಳೆ ಹೇಳಿತು.

ಮೂರನೆಯದೊಂದು ದಾರಿಯಿತ್ತೆಂದು ನನಗೆ ತೋರುತ್ತದೆ. ಸಿಮೆಂಟಿನ ಮಹಡಿಗಳನ್ನೂ ವಸತಿಗೃಹಗಳನ್ನೂ ತೆರವುಗೊಳಿಸಿ, ದೇವರ ಸೇವೆಗೆ ಬೇಕಾದ ಹೂ, ಕಾಯಿ, ಫಲಹಾರದ ಅಂಗಡಿಗಳನ್ನು ಮೊಳೆ ಬಡಿಯದಂತೆ, ಒಲೆ ಹೂಡದಂತೆ, ಹಗಲಿನ ಹೊತ್ತು ಅದೇ ಬೀದಿಯ ಮಗ್ಗುಲಲ್ಲಿ ಕಟ್ಟುಪಾಡಿನೊಳಗೆ ನಡೆಸಿಕೊಂಡು ಹೋಗಬಹುದಿತ್ತು. ಮನೆ ಕೆಡಹುವ ಮೊದಲು ಮನೆ ಕಟ್ಟಿಕೊಡಬಹುದಿತ್ತು. ಪಾಯೆಸನು ಕಂಡ ಬೀದಿಯು ಬರಿಯ ಕಂಬಗಳ ಸಾಲಲ್ಲ. ಕಂಬಗಳ ನೆರಳಿನಲ್ಲಿ ಯಾತ್ರಿಕರಿಗೆ ತಾಣ ಕೊಟ್ಟ ಬೀದಿ. ಆ ಉಪಯೋಗವೂ ಪರಂಪರೆಯ ಒಂದು ಅಂಗವೇ ಅಲ್ಲವೆ?

ಸ್ಥಾವರ, ಜಂಗಮ

ಬಸವಾದಿ ಶರಣರು ಸ್ಥಾವರ ಜಂಗಮಗಳ ಭೇದವನ್ನು ನಮಗೆ ಕಲಿಸಿದರು. ನಿಂತುದು ಒಂದು ದಿನ ಅಳಿಯುತ್ತದೆ, ಚಲಿಸುವ ಚೈತನ್ಯಕ್ಕೆ ಅಳಿವಿಲ್ಲ ಎಂಬುದು ಅವರ ಕಾಣ್ಕೆ. ಆ ಮಾತನ್ನು ಹಿಡಿದು ಕಲ್ಲನ್ನು ಕಡೆಗಣಿಸಬೇಕೆಂದು ನಾನು ಹೇಳಲಾರೆ. ಹರಿಹರನು ಓಡಾಡಿದ ನೆಲವನ್ನು ಕಾಪಾಡುವುದು ನಮ್ಮ ಕರ್ತವ್ಯ. ಆದರೆ ಸ್ಥಾವರವನ್ನು ಉಳಿಸುವ ಭರದಲ್ಲಿ ಜಂಗಮವನ್ನು ಹೊರಹಾಕಿದರೆ ಉಳಿದುದು ಯಾವುದು? ಶರಣರಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನಿದ್ದನು, ಬುಟ್ಟಿ ಹೆಣೆದ ಮೇದರ ಕೇತಯ್ಯನಿದ್ದನು, ದೋಣಿ ನಡೆಸಿದ ಅಂಬಿಗರ ಚೌಡಯ್ಯನಿದ್ದನು. ಬೀದಿಯಲ್ಲಿ ದುಡಿದವರೇ ಅನುಭವಮಂಟಪದಲ್ಲಿ ಕುಳಿತವರು. ಬೀದಿಯವರನ್ನು ಹೀಗಳೆಯುವ ಹಕ್ಕು ನಮಗಿಲ್ಲ.

ಇದು ದೂರದ ಹಂಪೆಯ ಮಾತೆಂದು ನಮ್ಮ ಸೀಮೆಯವರು ಭಾವಿಸಬಾರದು. ೨೦೦೮ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ನಮ್ಮ ಜಿಲ್ಲೆಯ ಹೊಲಗದ್ದೆಗಳ ಮೈಯೇ ಬದಲಾಗಿದೆ. ಹೊಸಕೋಟೆ, ನೆಲಮಂಗಲಗಳಲ್ಲಿ ಹೆದ್ದಾರಿಗಳು ಅಗಲವಾಗಿವೆ. ಹಳೆಯ ಪೇಟೆಬೀದಿಯ ಅಂಗಡಿ, ಜಗಲಿ, ಅರಳಿಕಟ್ಟೆಗಳು ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿವೆ. ಅಭಿವೃದ್ಧಿ ಬೇಡವೆನ್ನುವುದಲ್ಲ. ಹೋಗುವುದು ಹೋಗುವ ಮುನ್ನ ನಮ್ಮ ಮಕ್ಕಳಿಗೆ ಅದನ್ನು ತೋರಿಸೋಣ. ಯಾರ ಅಂಗಡಿ ಎಲ್ಲಿತ್ತು, ಯಾವ ಜಾತ್ರೆಗೆ ಯಾವ ಸಾಲು ಕೂರುತ್ತಿತ್ತು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡೋಣ. ನೆಲೆ ತಪ್ಪಿದವರು ನಮ್ಮ ಊರಿಗೆ ಬಂದು ಗಾಡಿ ಹೂಡಿದರೆ ಅವರಲ್ಲಿ ನಾಲ್ಕು ಕಾಸಿನ ವ್ಯಾಪಾರ ಮಾಡೋಣ.

ಕೆಲವು ವರ್ಷಗಳ ಹಿಂದೆ ಮತ್ತೆ ಹಂಪೆಗೆ ಹೋಗಿದ್ದೆ. ನಾವು ಮಲಗಿದ್ದ ಅಂಕಣವನ್ನು ಅಂದಾಜಿನ ಮೇಲೆ ಹುಡುಕಿದೆ. ಒಂದು ಚಪ್ಪಡಿಯ ಅಡಿಯಲ್ಲಿ ಹೊಗೆಯ ಕಪ್ಪು ಇನ್ನೂ ಮಾಸಿರಲಿಲ್ಲ. ಸ್ಮಾರಕದ ದೃಷ್ಟಿಯಿಂದ ಅದು ಕಲೆ, ತೊಳೆದು ತೆಗೆಯಬೇಕಾದುದು. ನನಗೆ ಮಾತ್ರ ಅದನ್ನು ಕಂಡೊಡನೆ ಕೈ ತಾನಾಗಿಯೇ ಮುಗಿಯಿತು. ಆ ಒಲೆಯಲ್ಲಿ ಬೆಂದುದನ್ನು ಉಂಡವನು ನಾನು.

ಚೈತ್ರ ಬಂದರೆ ಇಂದಿಗೂ ಆ ಬೀದಿಯಲ್ಲಿ ತೇರು ಎಳೆಯುತ್ತಾರೆ. ಬಜಾರನ್ನು ಕಳೆದುಕೊಂಡವರ ಮಕ್ಕಳೂ ಬಂದು ಹಗ್ಗ ಹಿಡಿಯುತ್ತಾರೆ. ಬಾಳೆಹಣ್ಣು ಎಸೆಯುತ್ತಾರೆ. ಎದುರು ಬಸವಣ್ಣನು ಎಲ್ಲವನ್ನೂ ನೋಡುತ್ತ ಅಲ್ಲಿಯೇ ಕುಳಿತಿದ್ದಾನೆ. ಈ ಸಲ ತೇರಿಗೆ ಹೋಗುವ ಕುಟುಂಬಗಳು ಗೋಪುರದಿಂದ ಆತನವರೆಗೆ ಒಮ್ಮೆ ಪೂರ್ತಿ ನಡೆಯಿರಿ. ನಡೆಯುತ್ತ ಈ ಬೀದಿಯ ಕಥೆಯನ್ನು ಮಕ್ಕಳಿಗೆ ಹೇಳಿರಿ.